ಗುಂಡಿನ ಗೀರು ಹೇಳಿದ್ದೆಷ್ಟು?

ಪುಣೆಯ ಶನಿವಾರ ಪೇಟೆಯ ಅಂಚಿನಲ್ಲಿ ಮುಠಾ ನದಿಗೆ ಕಟ್ಟಿದ ಒಂದು ಸೇತುವೆ ಇದೆ. ಪಕ್ಕದಲ್ಲೇ ಓಂಕಾರೇಶ್ವರ ದೇವಸ್ಥಾನ ಇರುವುದರಿಂದ ಊರವರ ಬಾಯಲ್ಲಿ ಅದು ಓಂಕಾರೇಶ್ವರ ಸೇತುವೆ. ಕಡತದಲ್ಲಿ ಅದಕ್ಕೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರು. ಅಸ್ಪೃಶ್ಯತೆಯ ವಿರುದ್ಧ ಬದುಕಿಡೀ ದುಡಿದ ಶಿಂದೆ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. 2013ರ ಆಗಸ್ಟ್ 20ರಂದು, ಬೆಳಿಗ್ಗೆ ಏಳು ದಾಟಿದ ಹೊತ್ತಿಗೆ, ಈ ಸೇತುವೆಯ ಮೇಲೆ ವಾಯುವಿಹಾರಕ್ಕೆ ಹೊರಟಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಇಬ್ಬರು ಗುಂಡಿಟ್ಟು ಕೊಂದು ಬೈಕಿನಲ್ಲಿ ಪರಾರಿಯಾದರು. ಮೂಢನಂಬಿಕೆಯ ವಿರುದ್ಧ ಕಾನೂನು ಬರಬೇಕೆಂದು ವರ್ಷಗಟ್ಟಲೆ ಹೋರಾಡಿದವರು ದಾಭೋಲ್ಕರ್. ಅವರು ಸತ್ತ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರ್ಕಾರ ಆ ಕಾನೂನನ್ನು ಸುಗ್ರೀವಾಜ್ಞೆಯಾಗಿ ತಂದಿತು.

ಕೊಂದವರು ಬಿಟ್ಟುಹೋದ ಸಾಕ್ಷ್ಯವೆಂದರೆ ಗುಂಡುಗಳು ಮಾತ್ರ. ಮುಂದೆ ಕೊಲ್ಹಾಪುರ, ಧಾರವಾಡ, ಬೆಂಗಳೂರುಗಳಲ್ಲಿ ಸಿಕ್ಕ ಗುಂಡು ಮತ್ತು ಖಾಲಿ ಕಾಡತೂಸುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ, ಬೇರೆಬೇರೆ ಎಂದುಕೊಂಡಿದ್ದ ನಾಲ್ಕು ಕೊಲೆಗಳು ಒಂದೇ ಸರಪಳಿಯ ಕೊಂಡಿಗಳಂತೆ ಕಂಡವು. ನಮ್ಮ ಕಾಲದ ವಿಧಿವಿಜ್ಞಾನ ಎಷ್ಟು ದೂರ ನೋಡಬಲ್ಲದು, ಎಲ್ಲಿ ಎಡವುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡಿಗರಿಗೆ ಇಲ್ಲ. ಇದರಲ್ಲಿ ನಾವು ಕಳೆದುಕೊಂಡವರು ಇದ್ದಾರೆ.

ಪಿಸ್ತೂಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಗುಂಡು ಗಿರಗಿರನೆ ತಿರುಗುತ್ತ ನೇರ ಹೋಗಲೆಂದು ಅದರೊಳಗೆ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಅದರ ಮೂಲಕ ಒತ್ತರಿಸಿಕೊಂಡು ಹೊರಬೀಳುವಾಗ ಮೈತುಂಬ ಗೀರು ಹೊತ್ತುಕೊಂಡೇ ಬರುತ್ತದೆ. ತೋಡುಗಳ ಸಂಖ್ಯೆ, ಅಗಲ, ಬಲಕ್ಕೋ ಎಡಕ್ಕೋ ತಿರುಗಿದ ಬಗೆ ಒಂದು ಮಾದರಿಯ ಪಿಸ್ತೂಲುಗಳಿಗೆಲ್ಲ ಸಮಾನ. ಆದರೆ ಕೊರೆಯುವ ಉಪಕರಣ ಸವೆಯುತ್ತದೆ, ನಳಿಗೆ ತುಕ್ಕು ಹಿಡಿಯುತ್ತದೆ, ಬಳಸಿದಂತೆಲ್ಲ ಸಣ್ಣ ಸಣ್ಣ ಏರಿಳಿತಗಳು ಮೂಡುತ್ತವೆ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಜೊತೆ ಚಪ್ಪಲಿ ವರ್ಷ ಕಳೆದ ಮೇಲೆ ಬೇರೆಬೇರೆ ಬಗೆಯಲ್ಲಿ ಸವೆದಿರುವ ಹಾಗೆ, ಒಂದೇ ಮಾದರಿಯ ಎರಡು ಪಿಸ್ತೂಲುಗಳೂ ಬೇರೆಬೇರೆ ಗೀರು ಹಾಕುತ್ತವೆ ಎಂಬುದು ಈ ಶಾಸ್ತ್ರದ ತಳಹದಿ.

ಗುಂಡಿಗಿಂತ ಖಾಲಿ ಕಾಡತೂಸು ಹೆಚ್ಚು ಹೇಳುವುದುಂಟು. ಟ್ರಿಗರ್ ಒತ್ತಿದಾಗ ಮೊನಚು ಪಿನ್ನೊಂದು ಅದರ ಬೆನ್ನಿಗೆ ಬಡಿದು ಕುಳಿ ಮೂಡಿಸುತ್ತದೆ. ಮದ್ದು ಸಿಡಿದ ಒತ್ತಡಕ್ಕೆ ಕಾಡತೂಸು ಹಿಂದಿನ ಉಕ್ಕಿನ ಗೋಡೆಗೆ ಅಪ್ಪಳಿಸಿ ಅಲ್ಲಿನ ಅರದ ಗುರುತುಗಳ ಅಚ್ಚನ್ನು ತನ್ನ ಮೈಮೇಲೆ ಇಳಿಸಿಕೊಳ್ಳುತ್ತದೆ. ಅದನ್ನು ಹಿಡಿದೆಳೆಯುವ ಕೊಕ್ಕೆ, ಹೊರಗೆಸೆಯುವ ಚಾಚು, ಇವೂ ತಮ್ಮ ಗುರುತು ಬಿಡುತ್ತವೆ. ಗುಂಡು ಎಲುಬಿಗೋ ಗೋಡೆಗೋ ಬಡಿದು ಜಜ್ಜಿಹೋಗಿದ್ದರೂ ಕಾಡತೂಸು ನೆಲದ ಮೇಲೆ ಕೆಡದೆ ಬಿದ್ದಿರುತ್ತದೆ.

ಎರಡು ಕಾಡತೂಸುಗಳನ್ನು ಒಂದೇ ನೋಟದಲ್ಲಿ, ಅರ್ಧ ಇದು ಅರ್ಧ ಅದು ಎಂಬಂತೆ ಜೋಡಿಸಿ ತೋರಿಸುವ ಹೋಲಿಕೆ ಸೂಕ್ಷ್ಮದರ್ಶಕವನ್ನು ಬಂದೂಕು ಪರೀಕ್ಷೆಗೆ ಒಗ್ಗಿಸಿದ್ದು 1925ರ ಹೊತ್ತಿಗೆ, ಅಮೆರಿಕದ ಫಿಲಿಪ್ ಗ್ರೇವೆಲ್ ಮತ್ತು ಕ್ಯಾಲ್ವಿನ್ ಗೊಡ್ಡಾರ್ಡ್. 1929ರಲ್ಲಿ ಷಿಕಾಗೊದಲ್ಲಿ ಏಳು ಜನರ ಹತ್ಯಾಕಾಂಡವಾದಾಗ ಗೊಡ್ಡಾರ್ಡ್ ಈ ವಿಧಾನದಿಂದಲೇ ಕೊಲೆಯ ಬಂದೂಕುಗಳನ್ನು ಗುರುತಿಸಿದರು. ಆರೋಪಿಯ ಬಂದೂಕು ಸಿಕ್ಕರೆ ಪ್ರಯೋಗಾಲಯದ ತಜ್ಞರು ಅದರಿಂದ ಹೊಸ ಗುಂಡು ಹಾರಿಸಿ, ಸ್ಥಳದಲ್ಲಿ ಸಿಕ್ಕಿದ್ದರ ಜೊತೆ ಹೋಲಿಸುತ್ತಾರೆ. ಬಂದೂಕು ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ಕೊಲೆಯ ಕಾಡತೂಸನ್ನು ಇನ್ನೊಂದು ಕೊಲೆಯ ಕಾಡತೂಸಿನ ಪಕ್ಕ ಇಡಬಹುದು. ಮುಂದೆ ನಡೆದದ್ದು ಅದೇ.

2015ರ ಫೆಬ್ರುವರಿ 16ರಂದು ಕೊಲ್ಹಾಪುರದಲ್ಲಿ ಬೆಳಗಿನ ನಡಿಗೆ ಮುಗಿಸಿ ಮನೆಗೆ ಬರುತ್ತಿದ್ದ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ ಮತ್ತು ಅವರ ಪತ್ನಿಯ ಮೇಲೆ ಗುಂಡು ಹಾರಿತು. ಪತ್ನಿ ಬದುಕಿದರು. ಪಾನ್ಸರೆ ನಾಲ್ಕು ದಿನಗಳ ಬಳಿಕ ಮುಂಬೈ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. ವಚನ, ಶಾಸನ, ಹಸ್ತಪ್ರತಿಗಳಲ್ಲಿ ಆಯುಷ್ಯ ಕಳೆದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಹಳೆಯ ಶಾಸನದ ಸವೆದ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ಕಾಲ ನಿರ್ಣಯಿಸುವ ವಿದ್ಯೆಯಲ್ಲಿ ಪಳಗಿದ ವಿದ್ವಾಂಸರ ಸಾವಿನ ತನಿಖೆಯೂ ಸವೆದ ಗೀರುಗಳ ಹೋಲಿಕೆಗೇ ಬಂದು ನಿಂತಿತು.

ಮೊದಲು ತನಿಖೆ ಮಾಡಿದ ಕರ್ನಾಟಕ ಸಿಐಡಿ ಮೂರೂ ಪ್ರಕರಣಗಳ ಮುದ್ದೆಮಾಲನ್ನು ಹೋಲಿಸಿ ನೋಡುವ ಕೆಲಸಕ್ಕೆ ಕೈಹಾಕಿತು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಅಭಿಪ್ರಾಯ ಹೀಗಿತ್ತು: ಪಾನ್ಸರೆಯವರ ಮೇಲೆ ಬಳಸಿದ್ದು ಎರಡು ಪಿಸ್ತೂಲು. ಅವುಗಳಲ್ಲಿ ಒಂದು ಕಲಬುರ್ಗಿಯವರನ್ನು ಕೊಂದದ್ದು, ಇನ್ನೊಂದು ದಾಭೋಲ್ಕರ್ ಅವರನ್ನು ಕೊಂದದ್ದು. ಎಲ್ಲವೂ 7.65 ಮಿ.ಮೀ. ಗುಂಡುಗಳು, ನಾಡ ಪಿಸ್ತೂಲುಗಳು. ಎರಡು ರಾಜ್ಯ, ಮೂರು ಊರು, ಮೂರು ತನಿಖಾ ತಂಡಗಳು. ಆದರೂ ಇದು ಒಂದೇ ಗುಂಪಿನ ಕೆಲಸ ಎಂಬ ಸುಳಿವು ಕೊಟ್ಟದ್ದು ಹಿತ್ತಾಳೆಯ ಚೂರುಗಳು.

ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಇದೇ ಶಾಸ್ತ್ರ ಇದೇ ಪ್ರಕರಣದಲ್ಲಿ ಇನ್ನೊಂದು ಮುಖವನ್ನೂ ತೋರಿಸಿತ್ತು. 2014ರ ಜನವರಿಯಲ್ಲಿ ಪುಣೆ ಪೊಲೀಸರು ದಾಭೋಲ್ಕರ್ ಹತ್ಯೆಗೆ ಸಂಬಂಧಿಸಿ ಇಬ್ಬರು ಅಕ್ರಮ ಶಸ್ತ್ರ ವ್ಯಾಪಾರಿಗಳನ್ನು ಬಂಧಿಸಿದ್ದರು. ಬೇರೊಂದು ಪ್ರಕರಣದಲ್ಲಿ ಅವರಿಂದ ವಶಪಡಿಸಿಕೊಂಡಿದ್ದ ಪಿಸ್ತೂಲು ದಾಭೋಲ್ಕರ್ ಪ್ರಕರಣದ ಗುಂಡಿಗೆ ಹೊಂದುತ್ತದೆ ಎಂಬ ಪ್ರಯೋಗಾಲಯದ ವರದಿಯೇ ಅದಕ್ಕೆ ಆಧಾರ. ತೊಂಬತ್ತು ದಿನ ಕಳೆದರೂ ದೋಷಾರೋಪ ಪಟ್ಟಿ ಸಲ್ಲಿಸಲು ಆಗಲಿಲ್ಲ. ಇಬ್ಬರೂ ಜಾಮೀನಿನ ಮೇಲೆ ಹೊರಬಂದರು. ಆ ವರ್ಷದ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಮುಂದೆ ಶಿಕ್ಷೆಯಾದದ್ದು ಬೇರೆಯವರಿಗೆ. ಹೊಂದಿದೆ ಎಂದು ಬರೆದ ಒಂದು ಸಾಲಿನಿಂದ ತನಿಖೆಯ ಮೊದಲ ತಿಂಗಳುಗಳು, ಅಂದರೆ ಸುಳಿವುಗಳು ಇನ್ನೂ ಹಸಿಯಾಗಿದ್ದ ತಿಂಗಳುಗಳು, ತಪ್ಪು ದಾರಿಯಲ್ಲಿ ಕಳೆದುಹೋದವು.

ಮುಂಬೈ ಪ್ರಯೋಗಾಲಯ ಒಂದು ಹೇಳಿತು, ಬೆಂಗಳೂರು ಇನ್ನೊಂದು ಹೇಳಿತು. ಸಿಬಿಐ ಮೂರನೆಯ ಅಭಿಪ್ರಾಯಕ್ಕಾಗಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕಡೆ ನೋಡಿತು. ಪತ್ರವ್ಯವಹಾರದಲ್ಲಿ ತಿಂಗಳುಗಳು ಉರುಳಿದವು. ಹೈಕೋರ್ಟ್ ವಿಳಂಬಕ್ಕೆ ಅಸಮಾಧಾನ ವ್ಯಕ್ತಪಡಿಸಿತು. ಕಾನೂನಿನ ಒಪ್ಪಂದ ಇಲ್ಲವೆಂದು ಸ್ಕಾಟ್ಲೆಂಡ್ ಯಾರ್ಡ್ ಕೈಚೆಲ್ಲಿದ ಮೇಲೆ ಗುಂಡುಗಳು ಗುಜರಾತಿನ ಪ್ರಯೋಗಾಲಯಕ್ಕೆ ಹೋದವು. ಈ ಹೊತ್ತಿನಲ್ಲಿ ಕಲಬುರ್ಗಿಯವರನ್ನು ಕೊಂದ ಪಿಸ್ತೂಲು ಎಲ್ಲಿತ್ತು? 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಗೇಟು ತೆರೆದು ಒಳಬರುತ್ತಿದ್ದಾಗ ಅದೇ 7.65 ಮಿ.ಮೀ. ಪಿಸ್ತೂಲು ಮತ್ತೆ ಸಿಡಿಯಿತು. ಗೌರಿ ಮತ್ತು ಕಲಬುರ್ಗಿ ಇಬ್ಬರನ್ನೂ ಕೊಂದದ್ದು ಒಂದೇ ಪಿಸ್ತೂಲು ಎಂಬ ವರದಿ 2018ರಲ್ಲಿ ನ್ಯಾಯಾಲಯದ ಮುಂದೆ ಬಂತು. ಪಾನ್ಸರೆ, ಕಲಬುರ್ಗಿ, ಗೌರಿ. ಎರಡೂವರೆ ವರ್ಷ ಆ ಪಿಸ್ತೂಲನ್ನು ಯಾರೋ ಒರೆಸಿ, ಎಣ್ಣೆ ಹಾಕಿ, ಮತ್ತೆ ಬೇಕಾದೀತೆಂದು ಎತ್ತಿಟ್ಟಿದ್ದರು. ಎರಡು ಕೊಲೆಯ ಪಿಸ್ತೂಲು ಒಂದೇ ಎಂದು ಪ್ರಯೋಗಾಲಯ ಹೇಳಿದ ಮೇಲೂ ಅದನ್ನು ಹುಡುಕಿ ಹಿಡಿಯಲು ಆಗಲಿಲ್ಲ. ವಿಜ್ಞಾನ ಅಲ್ಲಿ ಸೋಲಲಿಲ್ಲ. ಅದರ ಮಾತು ಕೇಳಿ ಓಡಬೇಕಾದವರು ಓಡಲಿಲ್ಲ. ಗೌರಿಯವರ ಸಾವನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ಇದೇ.

ಬೀಗ ಒಡೆದದ್ದು ಗೌರಿ ಪ್ರಕರಣದ ಎಸ್‌ಐಟಿ. ಬಿ.ಕೆ. ಸಿಂಗ್ ನೇತೃತ್ವದಲ್ಲಿ, ಎಂ.ಎನ್. ಅನುಚೇತ್ ತನಿಖಾಧಿಕಾರಿಯಾಗಿ ನಡೆದ ಆ ತನಿಖೆ ಯಾವುದೋ ಒಂದು ಚಮತ್ಕಾರದ ಯಂತ್ರವನ್ನು ನೆಚ್ಚಿಕೊಳ್ಳಲಿಲ್ಲ. ದೂರವಾಣಿ ಕರೆಗಳ ಜಾಡು, ಸಂಕೇತದಲ್ಲಿ ಬರೆದ ಡೈರಿ, ಗುಂಡಿನ ಗೀರು, ಮನೆಯ ಸಿಸಿಟಿವಿಯಲ್ಲಿ ಮೂಡಿದ ಹೆಲ್ಮೆಟ್ ಧರಿಸಿದ ಆಕೃತಿ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿತು. ಮುಖ ಕಾಣದ ಆ ಆಕೃತಿಯ ನಡಿಗೆಯನ್ನು ಆರೋಪಿಯ ನಡಿಗೆಯ ಜೊತೆ ಹೋಲಿಸುವ ಕೆಲಸವನ್ನು ಗುಜರಾತಿನ ವಿಧಿವಿಜ್ಞಾನ ತಜ್ಞರು ಮಾಡಿದರು. 2018ರ ನವೆಂಬರಿನಲ್ಲಿ ಸಲ್ಲಿಸಿದ ಹೆಚ್ಚುವರಿ ದೋಷಾರೋಪ ಪಟ್ಟಿ 9,235 ಪುಟಗಳದು. ಅದೇ ಎಸ್‌ಐಟಿಗೆ ಕಲಬುರ್ಗಿ ಪ್ರಕರಣವನ್ನೂ ಒಪ್ಪಿಸಿ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 26ರಂದು ಆದೇಶಿಸಿತು. ನಡಿಗೆಯ ಹೋಲಿಕೆ ಇನ್ನೂ ಎಳೆಯ ಶಾಸ್ತ್ರ. ಅದಕ್ಕೆ ವೈಜ್ಞಾನಿಕ ಬುನಾದಿ ತೀರಾ ಸೀಮಿತ ಎಂದು ಬ್ರಿಟನ್ನಿನ ರಾಯಲ್ ಸೊಸೈಟಿ 2017ರಲ್ಲೇ ನ್ಯಾಯಾಧೀಶರಿಗಾಗಿ ಬರೆದ ಕೈಪಿಡಿಯಲ್ಲಿ ಎಚ್ಚರಿಸಿದೆ. ವಿಚಾರಣೆಯಲ್ಲಿ ಅದರ ತೂಕ ಎಷ್ಟೆಂದು ನ್ಯಾಯಾಲಯವೇ ಅಳೆಯಬೇಕು.

ಬೆಂಗಳೂರಿನ ತನಿಖೆ ತೆರೆದ ದಾರಿಯಲ್ಲೇ 2018ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಎಟಿಎಸ್ ಮುಂಬೈ ಬಳಿಯ ನಾಲಾಸೋಪಾರದಲ್ಲಿ ಬಾಂಬು, ಶಸ್ತ್ರಗಳನ್ನು ವಶಪಡಿಸಿಕೊಂಡಿತು. ದಾಭೋಲ್ಕರ್ ಅವರಿಗೆ ಗುಂಡಿಟ್ಟವರು ಸಿಕ್ಕಿದ್ದು ಆಗ, ಕೊಲೆಯಾಗಿ ಐದು ವರ್ಷದ ಬಳಿಕ. ಪಿಸ್ತೂಲುಗಳನ್ನು ಬಿಚ್ಚಿ ಠಾಣೆ ನಗರದ ಹತ್ತಿರದ ಕೊಲ್ಲಿಗೆ ಎಸೆಯಲಾಗಿದೆ ಎಂದು ಸಿಬಿಐ ಹೇಳಿತು. ವಿದೇಶದಿಂದ ಮುಳುಗುಗಾರರನ್ನು ಕರೆಸಿ ಕೆಸರು ಜಾಲಾಡಿಸಿ, 2020ರಲ್ಲಿ ಒಂದು ಪಿಸ್ತೂಲನ್ನು ಮೇಲೆತ್ತಿದ್ದೂ ಆಯಿತು.

2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಧೀಶ ಪಿ.ಪಿ. ಜಾಧವ್ ತೀರ್ಪು ಕೊಟ್ಟರು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ, ತಲಾ ಐದು ಲಕ್ಷ ರೂಪಾಯಿ ದಂಡ. ಸಂಚಿನ ಆರೋಪ ಹೊತ್ತಿದ್ದವರು ಸೇರಿ ಉಳಿದ ಮೂವರು ಖುಲಾಸೆ. ಸೂತ್ರಧಾರರು ಯಾರೆಂದು ಪುಣೆ ಪೊಲೀಸರೂ ಸಿಬಿಐಯೂ ಬಯಲಿಗೆಳೆಯಲಿಲ್ಲ ಎಂದು ನ್ಯಾಯಾಧೀಶರು ನೊಂದು ಬರೆದರು. ಇಬ್ಬರಿಗೆ ಶಿಕ್ಷೆಯಾದದ್ದಾದರೂ ಯಾವುದರ ಬಲದ ಮೇಲೆ? ಕಣ್ಣಾರೆ ಕಂಡವರ ಮಾತಿನ ಮೇಲೆ. ಅವರಲ್ಲಿ ಒಬ್ಬರು ಆ ಬೆಳಿಗ್ಗೆ ಅಲ್ಲೇ ಕೆಲಸದಲ್ಲಿದ್ದ ಪಾಲಿಕೆಯ ಸ್ವಚ್ಛತಾ ಸಿಬ್ಬಂದಿ. ವರ್ಷಗಳು ಉರುಳಿದ ಮೇಲೂ ಕಟಕಟೆಯಲ್ಲಿ ನಿಂತು, ಪಾಟೀಸವಾಲಿಗೆ ಜಗ್ಗದೆ, ಇವರೇ ಎಂದು ಗುರುತಿಸಿದರು. ಮೂರು ರಾಜ್ಯಗಳ ಪ್ರಯೋಗಾಲಯ ಸುತ್ತಿ ಬಂದ ಗುಂಡು ಕೊಲೆಗಳನ್ನು ಬೆಸೆಯಿತು. ಮನುಷ್ಯನನ್ನು ತೋರಿಸಿದ್ದು ಒಬ್ಬ ಬಡ ನೌಕರನ ಕಣ್ಣು ಮತ್ತು ಧೈರ್ಯ.

ಗೀರಿನ ಹೋಲಿಕೆ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಹೊರಗಿನ ವಿಜ್ಞಾನಿಗಳೂ ಕೇಳಿದ್ದಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲಿ, ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಎರಡು ಗೀರು ಸಾಕಷ್ಟು ಹೊಂದುತ್ತವೆ ಎಂಬುದು ಕೊನೆಗೂ ತಜ್ಞನ ಕಣ್ಣಿನ ತೀರ್ಮಾನ, ಆ ಕಣ್ಣು ಎಷ್ಟು ಸಲ ತಪ್ಪುತ್ತದೆ ಎಂಬ ಲೆಕ್ಕ ಸರಿಯಾಗಿ ಆಗಿಲ್ಲ. ನಾಡ ಪಿಸ್ತೂಲಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕೈಯಿಂದ ಅರೆದು ಮಾಡಿದ್ದರಿಂದ ಅದರ ಪಿನ್ನು, ಉಕ್ಕಿನ ಮುಖ ಒಂದರಂತೆ ಇನ್ನೊಂದು ಇರದು, ಇದು ಅನುಕೂಲ. ಆದರೆ ನಳಿಗೆ ಸಡಿಲವಾಗಿದ್ದರೆ ಒಂದೇ ಪಿಸ್ತೂಲಿನ ಎರಡು ಗುಂಡುಗಳೂ ಪರಸ್ಪರ ಹೊಂದದೆ ಹೋಗಬಹುದು. ಆದ್ದರಿಂದಲೇ ಒಬ್ಬ ತಜ್ಞ ನೋಡಿದ್ದನ್ನು, ಮೊದಲಿನ ಅಭಿಪ್ರಾಯ ಏನೆಂದು ತಿಳಿಯದ ಇನ್ನೊಬ್ಬ ತಜ್ಞ ನೋಡಬೇಕು. ಪೊಲೀಸರ ಅನುಮಾನ ಯಾರ ಮೇಲಿದೆ ಎಂಬುದು ಇಬ್ಬರ ಕಿವಿಗೂ ಬೀಳಬಾರದು.

ಹೊಸದು ಎಂಬ ಒಂದೇ ಕಾರಣಕ್ಕೆ ನಂಬಿದರೆ ಏನಾಗುತ್ತದೆ ಎಂಬುದನ್ನೂ ಪುಣೆ ಕಂಡಿದೆ. 2008ರ ಜೂನ್‌ನಲ್ಲಿ ಅಲ್ಲಿನ ಸೆಷನ್ಸ್ ನ್ಯಾಯಾಲಯ ಯುವತಿಯೊಬ್ಬಳಿಗೆ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಹಳೆಯ ಗೆಳೆಯನಿಗೆ ಪ್ರಸಾದದಲ್ಲಿ ಪಾಷಾಣ ಬೆರೆಸಿ ಕೊಟ್ಟಳೆಂಬುದು ಆರೋಪ. ತೀರ್ಪು ಆತುಕೊಂಡಿದ್ದ ಆಧಾರಗಳಲ್ಲಿ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯೂ ಒಂದು. ಆರೋಪಿಯ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕೊಲೆಯ ವಿವರಗಳನ್ನು ಒಂದೊಂದಾಗಿ ಓದಿ ಹೇಳುತ್ತಾರೆ. ಆಕೆ ಬಾಯಿ ಬಿಡಬೇಕಿಲ್ಲ. ಅದನ್ನು ತಾನೇ ಅನುಭವಿಸಿದ ನೆನಪು ಇದೆಯೇ ಇಲ್ಲವೇ ಎಂದು ಅಲೆಗಳೇ ಹೇಳುತ್ತವೆ ಎಂಬುದು ಇದರ ಹಿಂದಿನ ವಾದ. ಇದನ್ನು ರೂಪಿಸಿದ ಸಿ.ಆರ್. ಮುಕುಂದನ್ ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದವರು. ಪುಣೆಯ ತೀರ್ಪು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ನ್ಯಾಯಾಲಯದಲ್ಲಿ ಇದನ್ನು ಸಾಕ್ಷ್ಯವಾಗಿ ಬಳಸಬಾರದು ಎಂದಿತು. ಬಾಂಬೆ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟದ್ದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ.

ತಜ್ಞನ ಕಣ್ಣನ್ನೇ ನೆಚ್ಚಬೇಕಾದ ದೌರ್ಬಲ್ಯ ಡಿಎನ್‌ಎಗೆ ಇಲ್ಲ. ಅದರ ಹೋಲಿಕೆ ಅಂಕಿಯಲ್ಲಿ ಬರುತ್ತದೆ, ತಪ್ಪುವ ಸಂಭವವನ್ನೂ ಅಂಕಿಯಲ್ಲೇ ಹೇಳಬಹುದು. ಆದರೆ ಡಿಎನ್‌ಎ ಮಾತನಾಡುವುದು ಸೀಸೆಯೊಳಗೆ ಇರುವುದರ ಬಗ್ಗೆ ಮಾತ್ರ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕುಡಿದಿದ್ದನೇ ಎಂದು ತಿಳಿಯಲು ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಅದರಲ್ಲಿ ಮದ್ಯದ ಅಂಶ ಸಿಗಲಿಲ್ಲ. ಪೊಲೀಸರು ಬೇರೊಂದು ಆಸ್ಪತ್ರೆಯಲ್ಲಿ ಎರಡನೆಯ ಸಲ ರಕ್ತ ತೆಗೆಸಿದ್ದರು. ಎರಡರ ಡಿಎನ್‌ಎ ಹೋಲಿಸಿದಾಗ ಮೊದಲ ಸೀಸೆಯಲ್ಲಿದ್ದ ರಕ್ತ ಆ ಹುಡುಗನದೇ ಅಲ್ಲ ಎಂದು ಬಯಲಾಯಿತು. ಅದನ್ನು ತಾಯಿಯ ರಕ್ತದೊಡನೆ ಅದಲು ಬದಲು ಮಾಡಲಾಗಿತ್ತು ಎಂಬುದು ಪೊಲೀಸರ ಆರೋಪ. ವೈದ್ಯರೂ ಸೇರಿ ಹಲವರ ಬಂಧನವಾಯಿತು. ಎರಡನೆಯ ಸೀಸೆ ಇಲ್ಲದಿದ್ದರೆ ಅತ್ಯುತ್ತಮ ಯಂತ್ರದ, ಅತ್ಯಂತ ಪ್ರಾಮಾಣಿಕ ವರದಿಯೇ ಒಂದು ದೊಡ್ಡ ಸುಳ್ಳಿಗೆ ಮೊಹರು ಒತ್ತುತ್ತಿತ್ತು.

ಹೀಗಾಗಿ ಅಪರಾಧ ಪತ್ತೆಯಲ್ಲಿ ನಾವು ಹಣ, ಮನಸ್ಸು ಎರಡನ್ನೂ ಇಡಬೇಕಾದದ್ದು ಯಂತ್ರಕ್ಕಿಂತ ಮೊದಲು ಸ್ಥಳದಲ್ಲಿ, ಸೀಸೆಯಲ್ಲಿ, ಮೊಹರಿನಲ್ಲಿ. ಕಾಡತೂಸನ್ನು ಕಬ್ಬಿಣದ ಚಿಮಟದಿಂದ ಎತ್ತಿದರೆ ಹೊಸ ಗೀರು ಬೀಳುತ್ತದೆ. ಒಂದೇ ಚೀಲಕ್ಕೆ ನಾಲ್ಕನ್ನೂ ಸುರಿದರೆ ಒಂದಕ್ಕೊಂದು ಉಜ್ಜಿ ಹಾಳಾಗುತ್ತವೆ. ಪ್ರತಿಯೊಂದನ್ನೂ ಹತ್ತಿಯಲ್ಲಿ ಸುತ್ತಿ, ಬೇರೆ ಪೊಟ್ಟಣದಲ್ಲಿ ಇಟ್ಟು, ಅರಗಿನ ಮೊಹರು ಹಾಕಿ, ಮೊಹರಿನ ಮಾದರಿಯನ್ನೂ ಜೊತೆಗೆ ಕಳಿಸಬೇಕು. ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತೆಂಬ ದಾಖಲೆ ಒಂದು ಕಡೆ ಹರಿದರೂ ವಕೀಲರು ಅದರೊಳಗೆ ಕೈ ತೂರಿಸುತ್ತಾರೆ, ಅದು ಅವರ ಕರ್ತವ್ಯ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು ಎನ್ನುತ್ತದೆ. ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕೆಂದು 105ನೇ ಕಲಮು ಹೇಳುತ್ತದೆ. ಕರ್ನಾಟಕ ಅಪರಾಧ ಸ್ಥಳಕ್ಕೆಂದೇ ಸೋಕೋ ಅಧಿಕಾರಿಗಳನ್ನು ನೇಮಿಸಿಕೊಂಡಿದೆ. ಕಲಬುರ್ಗಿಯವರು ಬಿದ್ದ ಧಾರವಾಡದಲ್ಲೇ ರಾ‌ಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಇನ್ನೊಂದು ಹೆಜ್ಜೆ ಬಾಕಿ ಇದೆ: ಪ್ರಯೋಗಾಲಯಗಳು ಇಂದೂ ಗೃಹ ಇಲಾಖೆಯ ಅಡಿಯಲ್ಲಿವೆ. ತನಿಖೆ ಮಾಡುವವರ ಮನೆಯೊಳಗೇ ಪರೀಕ್ಷೆ ಮಾಡುವವರೂ ಇದ್ದರೆ ಒತ್ತಡ ಬಾರದಿರದು. ಅವುಗಳನ್ನು ಅಲ್ಲಿಂದ ಬಿಡಿಸಿ ಸ್ವತಂತ್ರಗೊಳಿಸಬೇಕು, ರಾಜ್ಯ ರಾಜ್ಯಗಳ ಗುಂಡಿನ ದಾಖಲೆಗಳು ಒಂದನ್ನೊಂದು ಮುಟ್ಟುವಂತಿರಬೇಕು.

ಓದುಗರಲ್ಲಿ ಒಂದು ಮನವಿ. ಎಲ್ಲಾದರೂ ಅಪರಾಧ ನಡೆದ ಜಾಗದಲ್ಲಿ ನೀವಿದ್ದರೆ ಗಾಯಗೊಂಡವರಿಗೆ ನೆರವಾಗಿ, ಬಿದ್ದ ವಸ್ತುವನ್ನು ಮುಟ್ಟಬೇಡಿ, ಇತರರೂ ತುಳಿಯದಂತೆ ತಡೆಯಿರಿ. ಮಹಜರಿಗೆ ಪಂಚರಾಗಿ ಬನ್ನಿ ಎಂದು ಪೊಲೀಸರು ಕರೆದರೆ ಕೋರ್ಟು ಕಚೇರಿ ಅಲೆಯುವ ರಗಳೆ ಯಾಕೆಂದು ಹಿಂದೆ ಸರಿಯಬೇಡಿ. ಪೊಟ್ಟಣದೊಳಗೆ ಏನು ಹೋಯಿತು, ಮೊಹರು ಬಿತ್ತೇ ಎಂದು ಕಣ್ಣಾರೆ ನೋಡಿ, ಓದಿ, ಆಮೇಲೆ ಸಹಿ ಹಾಕಿ.